ಟಿವಿ ರಾಧಕ್ಕನ ಹೊಟ್ಟೆಕಿಚ್ಚು

ಆಂಧ್ರದ ಗಡಿಯಂಚಿನ ನಮ್ಮೂರು ರೊಳ್ಳದ ರಾಧಕ್ಕನಿಗೆ ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು. ಊರಿಗೆಲ್ಲ ಗೊತ್ತಿರುವ ವಿಷಯ ಇದು. ನನ್ನ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು ಅವಳೇ ಎಷ್ಟೋ ಸಲ ಹೇಳಿದ್ದಾಳೆ. ತಾಯಿಯಾದವಳಿಗೆ ಹಾಗೆಲ್ಲ ಅನ್ನಿಸಬಾರದು ಎಂದು ಯಾರಾದರೂ ಬುದ್ಧಿ ಹೇಳಲು ಹೋದರೆ, ನಿಮಗೆ ಅನ್ನಿಸಿದ್ದನ್ನು ನೀವು ಬಚ್ಚಿಡುತ್ತೀರಿ, ನಾನು ಬಚ್ಚಿಡುವುದಿಲ್ಲ ಎಂದು ಬಾಯಿ ಮುಚ್ಚಿಸುತ್ತಾಳೆ. ನನಗಂತೂ ಅವಳ ಹೊಟ್ಟೆಕಿಚ್ಚಿನಲ್ಲಿ ನ್ಯಾಯ ಕಾಣುತ್ತದೆ. ನಾನೂ ಟಿವಿಯನ್ನು ನಂಬಿ ಕೆಟ್ಟವನೇ. ಬಸ್ ಸ್ಟಾಪಿನ ಎದುರಿನ ನನ್ನ ಅಂಗಡಿಯ ಬೋರ್ಡಿನ ಮೇಲೆ ಈಗಲೂ 'ಮಾರುತಿ ಟಿವಿ ರಿಪೇರಿ' ಎಂದೇ ಇದೆ. ಒಳಗೆ ನೇತಾಡುತ್ತಿರುವುದೆಲ್ಲ ಮೊಬೈಲಿನ ಕವರುಗಳು.

ಇಪ್ಪತ್ತು ವರ್ಷದ ಹಿಂದೆ ತೆಲುಗಿನ ಒಂದು ಚಾನೆಲ್ಲಿನವರು ಹಾಡಿನ ಸ್ಪರ್ಧೆ ನಡೆಸುತ್ತಿದ್ದರು. ರಾಧಕ್ಕನಿಗೆ ಆಗ ಮದುವೆಯಾಗಿರಲಿಲ್ಲ. ಅವರಪ್ಪನನ್ನು ಕಾಡಿ ಬೇಡಿ ಹಿಂದೂಪುರದಿಂದ ರೈಲು ಹತ್ತಿಸಿಕೊಂಡು ಹೈದರಾಬಾದಿಗೆ ಹೋದಳು. ಅಲ್ಲಿ ಬಾಗಿಲ ಮುಂದಿನ ಸಾಲಿನಲ್ಲಿ ಎರಡು ದಿನ ಬಿಸಿಲಲ್ಲಿ ಕಾದು, ಕೊನೆಗೆ ಆಯ್ಕೆಯೂ ಆದಳು. ನಮ್ಮೂರಿನ ಹುಡುಗಿ ಟಿವಿಯಲ್ಲಿ ಬರುತ್ತಾಳೆ ಎಂದ ಮೇಲೆ ಕೇಳಬೇಕೆ? ನಾನು ಆಗಿನ್ನೂ ರಿಪೇರಿ ಕಲಿಯುತ್ತಿದ್ದೆ. ಅಂಗಡಿಯ ದೊಡ್ಡ ಟಿವಿಯನ್ನು ಹೊತ್ತು ತಂದು ಆಂಜನೇಯನ ಗುಡಿಯ ಕಟ್ಟೆಯ ಮೇಲೆ ಇಡುತ್ತಿದ್ದೆವು. ಅವಳ ಹಾಡು ಮುಗಿಯುವ ತನಕ ಮಡಕಶಿರದ ಬಸ್ಸು ಹೊರಡುತ್ತಿರಲಿಲ್ಲ, ಏಕೆಂದರೆ ಡ್ರೈವರು ಕಂಡಕ್ಟರು ಇಬ್ಬರೂ ಜನರ ಮಧ್ಯೆ ನಿಂತಿರುತ್ತಿದ್ದರು. ನಿನ್ನ ತೆಲುಗಿನಲ್ಲಿ ಕನ್ನಡದ ವಾಸನೆ ಬರುತ್ತದಲ್ಲ ಎಂದು ತೀರ್ಪುಗಾರರೊಬ್ಬರು ಚೇಷ್ಟೆ ಮಾಡಿದರೆ ಇವಳು ಹಲ್ಲು ಬಿಟ್ಟು ನಗುತ್ತಿದ್ದಳು. ನಾವು ಇಲ್ಲಿ ಕಟ್ಟೆಯ ಮೇಲೆ ಕೂತು ಆ ತೀರ್ಪುಗಾರರನ್ನು ಬೈಯುತ್ತಿದ್ದೆವು.

ಆ ಸ್ಪರ್ಧೆಯಲ್ಲಿ ಒಂದು ಪದ್ಧತಿ ಇತ್ತು. ಯಾರಿಗೂ ಪೂರ್ತಿ ಹಾಡು ಹಾಡಲು ಬಿಡುತ್ತಿರಲಿಲ್ಲ. ಪಲ್ಲವಿ, ಒಂದು ಚರಣ, ಅಷ್ಟಕ್ಕೆ ಗಂಟೆ ಬಾರಿಸುತ್ತಿದ್ದರು. ಫೈನಲ್ ತಲುಪಿದವರಿಗೆ ಮಾತ್ರ ಮೊದಲಿಂದ ಕೊನೆಯ ತನಕ ಒಂದು ಹಾಡು. ರಾಧಕ್ಕ ಆ ಹಾಡನ್ನು ಮೊದಲೇ ಆರಿಸಿ ಇಟ್ಟುಕೊಂಡಿದ್ದಳು. ಮೂರು ಚರಣದ ಹಳೆಯ ಹಾಡು; ಮೂರನೆಯ ಚರಣದಲ್ಲಿ ದನಿ ಮೇಲೆ ಹೋಗಿ ಅಲ್ಲೇ ನಿಲ್ಲಬೇಕು. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಾ ಅದನ್ನೇ ಹಾಡಿಕೊಳ್ಳುತ್ತಿದ್ದಳಂತೆ. ಗೆಲ್ಲುವ ಆಸೆ ಇತ್ತೋ ಇಲ್ಲವೋ, ಆ ಮೂರನೆಯ ಚರಣವನ್ನು ಟಿವಿಯಲ್ಲಿ ಹಾಡುವ ಆಸೆ ಮಾತ್ರ ಖಂಡಿತ ಇತ್ತು.

ಉಳಿದವರು ಎಂಟು ಜನರಾದಾಗ ಓಟಿಗೆ ಬಿಟ್ಟರು. ಮೊಬೈಲಿನಿಂದ ಮೆಸೇಜು ಕಳಿಸಬೇಕು. ಊರಿನಲ್ಲಿ ಮೊಬೈಲು ಇದ್ದವರೆಲ್ಲ ಕಳಿಸಿದರು, ಇಲ್ಲದವರು ಇದ್ದವರನ್ನು ಹಿಡಿದು ಕಳಿಸಿದರು. ಅಮರಾಪುರದ ನೆಂಟರು, ರೇಷ್ಮೆಗೂಡಿನ ವ್ಯಾಪಾರಿಗಳು, ಯಾರನ್ನೂ ಬಿಡಲಿಲ್ಲ. ಆದರೆ ನಮ್ಮ ಕಡೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಜೇಬಿನಲ್ಲಿ ಕರ್ನಾಟಕದ ಸಿಮ್. ಆಂಧ್ರದ ಸಿಗ್ನಲ್ಲು ಬೇಕೆಂದರೆ ಬೆಟ್ಟ ಹತ್ತಬೇಕಾಗಿತ್ತು, ಶಿರಾ ಕಡೆಯ ಟವರು ಊರೊಳಗೇ ಸಿಗುತ್ತಿತ್ತು. ಎಲ್ಲರೂ ಶಿರಾದ ಸಂತೆಗೆ ಹೋದಾಗ ಸಿಮ್ ತಂದವರೇ. ಅದರಲ್ಲಿ ತಪ್ಪೇನಿದೆ ಎಂದು ನಮಗೆ ಹೊಳೆಯಲೇ ಇಲ್ಲ. ಆ ಚಾನೆಲ್ಲಿನವರು ಆಂಧ್ರದ ನಂಬರಿನಿಂದ ಬಂದ ಓಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಟಿವಿಯ ಕೆಳಗೆ ತೆಲುಗಿನಲ್ಲಿ ಸಣ್ಣಕ್ಷರದಲ್ಲಿ ಹಾಕಿದ್ದರಂತೆ. ಯಾರು ಓದಿದರು? ಊರಿಗೆ ಊರೇ ಕಳಿಸಿದ ಓಟು ಎಲ್ಲಿಯೋ ಗಾಳಿಯಲ್ಲಿ ಹೋಯಿತು, ರಾಧಕ್ಕ ಮನೆಗೆ ಬಂದಳು.

ಬಂದವಳನ್ನು ಊರು ಬಿಟ್ಟುಕೊಡಲಿಲ್ಲ, ಅದೊಂದು ದೊಡ್ಡತನ. ರಾಮಾಂಜಿನೇಯ ಎನ್ನುವ ರೇಷ್ಮೆ ಬೆಳೆಗಾರನ ಜೊತೆ ಮದುವೆಯಾಯಿತು. ಮಡಕಶಿರದಿಂದ ಅಮರಾಪುರದ ತನಕ ಯಾವ ಗಣೇಶನ ಪೆಂಡಾಲಿನ ಬ್ಯಾನರಿನಲ್ಲೂ 'ಟಿವಿ ರಾಧಾ' ಎಂದು ದಪ್ಪಕ್ಷರ. ಅವಳ ತಾಯಿ ದೊಡ್ಡಕ್ಕ ಮದುವೆ ಮನೆಗಳಲ್ಲಿ ಸೋಬಾನೆ ಹೇಳುವವಳು. ಆಗಿನಿಂದ ಮದುವೆಯವರು ದೊಡ್ಡಕ್ಕನನ್ನು ಸ್ವಲ್ಪ ತಡಿಯಮ್ಮ ಎಂದು ಮೂಲೆಯಲ್ಲಿ ಕೂರಿಸಿ ಮಗಳ ಕೈಗೆ ಮೈಕು ಕೊಡತೊಡಗಿದರು. ಮುದುಕಿ ಎಲೆಯಡಿಕೆ ಜಗಿಯುತ್ತಾ ಮೂಗು ಮುರಿಯುತ್ತಿತ್ತು. 'ಟಿವಿ ಪೆಟ್ಟಿಗೇಲಿ ಕಲಿತ ಹಾಡಿಗೆ ಮದುಮಗಳು ಅಳ್ತಾಳಾ?' ಎಂದು ಅದು ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಅಂದರೆ ಈ ಹೊಟ್ಟೆಕಿಚ್ಚು ಆ ಮನೆಗೆ ಹೊಸದೇನಲ್ಲ. ದೊಡ್ಡಕ್ಕ ಸತ್ತು ವರ್ಷಗಳಾದವು.

ಆಮೇಲೆ ಯಾವ ಚಾನೆಲ್ ತಿರುಗಿಸಿದರೂ ಹಾಡು, ಕುಣಿತ. ಮಕ್ಕಳ ಕುಣಿತ, ಗಂಡಹೆಂಡಿರ ಕುಣಿತ, ಅತ್ತೆಸೊಸೆಯರ ಕುಣಿತ. ಹಾಡುವುದಕ್ಕಿಂತ ಅಳುವುದು ಜಾಸ್ತಿಯಾಯಿತು. ಒಬ್ಬ ಹುಡುಗ ಎರಡು ಸಾಲು ಹಾಡಿದರೆ ಅವನ ಮನೆಯ ಬಡತನವನ್ನು ಅರ್ಧ ಗಂಟೆ ತೋರಿಸುತ್ತಿದ್ದರು. ಜನಕ್ಕೆ ಸಾಕಾಯಿತು. ಅಷ್ಟರಲ್ಲಿ ಮೊಬೈಲಿಗೆ ನೆಟ್ ಬಂತು, ಪೆಂಡಾಲಿಗೆ ಡಿಜೆ ಬಂತು. ನನ್ನ ಅಂಗಡಿಗೆ ರಿಪೇರಿಗೆ ಬಂದ ಟಿವಿಗಳನ್ನು ಜನ ವಾಪಸು ಒಯ್ಯುವುದನ್ನೇ ಬಿಟ್ಟರು. ರಾಧಕ್ಕನ ಮನೆಯ ಟಿವಿ ರೇಷ್ಮೆಹುಳು ಸಾಕುವ ಹುಳುಮನೆಯ ಮೂಲೆ ಸೇರಿತು, ಅದರ ಮೇಲೆ ಗೋಣಿಚೀಲ ಪೇರಿಸಿದರು. ಅವಳಿಗೆ ಉಳಿದದ್ದು ಹೆಸರೊಂದೇ. ಇವತ್ತಿನ ಹುಡುಗರು ಟಿವಿ ರಾಧಕ್ಕ ಎಂದರೆ ಇವರ ಮನೆಯವರು ಹಿಂದೆ ಟಿವಿ ಮಾರುತ್ತಿದ್ದರೇನೋ ಎಂದುಕೊಂಡಿದ್ದಾರೆ.

ಮಗಳು ಶ್ರಾವಣಿ ಈಗ ಮಡಕಶಿರದಲ್ಲಿ ಡಿಗ್ರಿ ಓದುತ್ತಾಳೆ. ಹಿಪ್ಪುನೇರಳೆ ಸಾಲಿನ ನಡುವೆ ನಿಂತು ಅರ್ಧ ನಿಮಿಷ ಕುಣಿದು ಮೊಬೈಲಿನಲ್ಲಿ ಹಾಕುತ್ತಾಳೆ, ಲಕ್ಷಗಟ್ಟಲೆ ಜನ ನೋಡುತ್ತಾರೆ. ನಾನು ಒಪ್ಪಿಕೊಳ್ಳುತ್ತೇನೆ, ಹುಡುಗಿಯ ಮೈಯಲ್ಲಿ ಲಯ ಇದೆ. ಮಡಕಶಿರದ ಬಸ್ ಸ್ಟ್ಯಾಂಡಿನಲ್ಲಿ ಹುಡುಗಿಯರು ಅವಳನ್ನು ಮುತ್ತಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಒಂದು ಸಲ ಪಕ್ಕದಲ್ಲೇ ಇದ್ದ ರಾಧಕ್ಕನ ಕೈಗೆ ಫೋನು ಕೊಟ್ಟು, ಆಂಟಿ, ನಮ್ಮದೊಂದು ಫೋಟೊ ತೆಗೀರಿ ಎಂದರಂತೆ. ಅವಳು ತೆಗೆದುಕೊಟ್ಟಳು. ಅದೇ ಸಂಜೆ ನನ್ನ ಬೆಂಚಿನ ಮೇಲೆ ಬಂದು ಕೂತು, ಮೈಯೆಲ್ಲ ಉರಿದುಹೋಯಿತು ಕಣಪ್ಪ ಎಂದಳು. ನನ್ನ ಮಗಳು ಎರಡು ದಿನ ಸಾಲಿನಲ್ಲಿ ನಿಲ್ಲಲಿಲ್ಲ, ರೈಲು ಹತ್ತಲಿಲ್ಲ, ಯಾರ ಹತ್ತಿರವೂ ಬೈಸಿಕೊಳ್ಳಲಿಲ್ಲ, ಸೊಪ್ಪು ಕೊಯ್ಯೋಕೆ ಅಂತ ತೋಟಕ್ಕೆ ಹೋದವಳು ಹೆಸರು ಮಾಡಿಕೊಂಡು ಬಂದಳು ಎಂದು ಲೆಕ್ಕ ಒಪ್ಪಿಸಿದಳು. ಆ ಹುಡುಗಿಯ ಫೋನಿಗೆ ಗಾಜು ಹಾಕಿಕೊಟ್ಟವನು ನಾನೇ.

ಈ ವರ್ಷ ಅದೇ ಚಾನೆಲ್ಲಿನವರು ಶ್ರಾವಣಿಗೆ ಫೋನು ಮಾಡಿದರು. ಅವರ ಶೋ ಇನ್ನೂ ಏದುಸಿರು ಬಿಡುತ್ತಾ ನಡೆಯುತ್ತಿದೆ ಎಂದು ನನಗೂ ಗೊತ್ತಿರಲಿಲ್ಲ. ಆಯ್ಕೆ ಗೀಯ್ಕೆ ಏನೂ ಬೇಡ, ನೇರ ಸ್ಟೇಜಿಗೆ ಬನ್ನಿ ಎಂದರಂತೆ. ಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಕಳಚಿ, ಸೊಪ್ಪು ಹಾಕಿದಷ್ಟೂ ತಿನ್ನುವ ಹೊತ್ತು ಅದು. ತಾಯಿ ಮಗಳು ತೋಟದಲ್ಲಿ ಕೊಂಬೆ ಕತ್ತರಿಸುತ್ತಿದ್ದಾಗ ಶ್ರಾವಣಿ ಮಾತಿನ ಮಧ್ಯೆ ಇದನ್ನು ಹೇಳಿದಳು.

'ಯಾವಾಗ ಹೋಗ್ಬೇಕು?' ಎಂದು ರಾಧಕ್ಕ ಕುಡುಗೋಲು ಕೆಳಗಿಟ್ಟು ಕೇಳಿದಳು.

'ಅಯ್ಯೋ, ಬರಲ್ಲ ಅಂದ್ಬಿಟ್ಟೆ ಕಣಮ್ಮ. ಯಾರು ನೋಡ್ತಾರೆ ಅದನ್ನ?'

ಅವತ್ತು ಆ ತೋಟದಲ್ಲಿ ದೊಡ್ಡ ಜಗಳವೇ ಆಯಿತು. ರಾಧಕ್ಕ ಅತ್ತಳು, ಬೈದಳು, ಕತ್ತರಿಸಿದ ಸೊಪ್ಪನ್ನು ಅಲ್ಲೇ ಬಿಟ್ಟು ನಡೆದುಬಂದಳು. ರಾಮಾಂಜಿನೇಯ ಹೋಗಿ ಕಟ್ಟುಗಳನ್ನು ಹೊತ್ತು ತರಬೇಕಾಯಿತು, ಹುಳಕ್ಕೆ ಇವರ ಜಗಳ ಕಟ್ಟಿಕೊಂಡು ಏನಾಗಬೇಕು. ನನ್ನ ಬೆಂಚಿಗೆ ಬಂದವಳ ಕಣ್ಣು ಇನ್ನೂ ಕೆಂಪಗಿತ್ತು.

'ಅವಳು ಹೋಗಿ ಗೆದ್ದು ಬಂದಿದ್ರೂ ಇಷ್ಟು ಉರೀತಿರಲಿಲ್ಲ ಕಣೋ ಮಾರುತಿ. ಬೇಡ ಅಂದ್ಲು ನೋಡು, ಅದು.'

ರಾಧಕ್ಕ ಇಪ್ಪತ್ತು ವರ್ಷ ಕಣ್ಣು ಕೀಲಿಸಿಕೊಂಡು ಕೂತ ಬಾಗಿಲನ್ನು ಮಗಳು ಒಳಗೂ ಹೋಗದೆ ದಾಟಿ ನಡೆದುಬಿಟ್ಟಿದ್ದಳು.

ಶ್ರಾವಣಿ ಕೆಟ್ಟ ಹುಡುಗಿಯಲ್ಲ. ತಾಯಿ ಮಾತು ಬಿಟ್ಟದ್ದನ್ನು ತಡೆಯಲಾರದೆ ತಾನೇ ಚಾನೆಲ್ಲಿಗೆ ಫೋನು ಮಾಡಿದಳು. ನಾನು ಬರುವುದಿಲ್ಲ, ನಮ್ಮಮ್ಮ ಹಿಂದೆ ನಿಮ್ಮಲ್ಲೇ ಹಾಡಿದವರು, ಅವರಿಂದ ಒಂದು ಪೂರ್ತಿ ಹಾಡು ಹಾಡಿಸಿ, ಹಾಗೆ ಮಾಡಿದರೆ ನನ್ನ ವಿಡಿಯೊದಲ್ಲಿ ನಿಮ್ಮ ಶೋ ನೋಡಿ ಎಂದು ಹೇಳುತ್ತೇನೆ ಎಂದಳು. ಅವರಿಗೆ ಬೇಕಾಗಿದ್ದದ್ದು ಇವಳ ಹಿಂದಿರುವ ಜನ, ಒಪ್ಪಿಕೊಂಡರು. ಮಾರನೆಯ ದಿನ ಅಲ್ಲಿಂದ ಒಬ್ಬ ಎಳೆಯ ಗಂಟಲಿನವನು ರಾಧಕ್ಕನಿಗೆ ಫೋನು ಮಾಡಿ, ಶ್ರಾವಣಿಯವರ ಅಮ್ಮನಾ ಎಂದು ತೆಲುಗಿನಲ್ಲಿ ಕೇಳಿದ. ಆ ಮಾತಿಗೇ ಫೋನು ಇಡುವುದರಲ್ಲಿದ್ದಳಂತೆ. ಟಿವಿ ರಾಧಾ ಈಗ ಮಗಳ ಶಿಫಾರಸಿನ ಮೇಲೆ ಹಾಡಬೇಕೆ? ಆದರೆ ಅವನು ಪೂರ್ತಿ ಹಾಡು ಎಂದಿದ್ದ. ಅವಳು ಮಾನ ಮರ್ಯಾದೆಯನ್ನೆಲ್ಲ ಪಕ್ಕಕ್ಕಿಟ್ಟು ಬರುತ್ತೇನೆ ಎಂದಳು. ಉಪಕಾರ ಮಾಡಿದ ಮಗಳ ಮೇಲೆ ಮೊದಲಿಗಿಂತ ಜಾಸ್ತಿ ಸಿಟ್ಟು ಬಂತು ಎಂದೂ ನನಗೆ ಹೇಳಿದಳು.

ಹೈದರಾಬಾದಿಗೆ ತಾಯಿ ಮಗಳು ಇಬ್ಬರೂ ಹೋದರು. ಅಲ್ಲಿ ಕುರ್ಚಿಗಳು ಅರ್ಧಕ್ಕರ್ಧ ಖಾಲಿ, ಇದ್ದವರು ಕರೆಸಿ ಕೂರಿಸಿದವರು, ಕೈ ಎತ್ತಿ ತೋರಿಸಿದಾಗ ಚಪ್ಪಾಳೆ ತಟ್ಟುವವರು. ರಾಧಕ್ಕನ ಮುಖಕ್ಕೆ ಬಣ್ಣ ಹಚ್ಚುತ್ತಿದ್ದ ಹೆಂಗಸು ಅರ್ಧದಲ್ಲೇ ಬಿಟ್ಟು ಶ್ರಾವಣಿಯ ಜೊತೆ ಫೋಟೊ ತೆಗೆಸಿಕೊಳ್ಳಲು ಓಡಿದಳಂತೆ. ರಾಧಕ್ಕ ಹಾಡುವಾಗ ಎದುರಿಗಿದ್ದವರು ಯಾರೂ ನೋಡುತ್ತಿರಲಿಲ್ಲವಂತೆ, ಅದಕ್ಕೇ ಕಣ್ಣು ಮುಚ್ಚಿ ಹಾಡಿದೆ ಎಂದಳು. ಹೇಗೆ ಹಾಡಿದೆ ಎಂದು ಕೇಳಿದರೆ, ಟಿವಿಯಲ್ಲಿ ಬರಲಿ, ನೋಡು ಎಂದಳು.

ಬಂದದ್ದು ಒಂದು ಭಾನುವಾರ ಮಧ್ಯಾಹ್ನ, ಊರೆಲ್ಲ ಬಾಡೂಟ ಉಂಡು ಮಲಗುವ ಹೊತ್ತಿಗೆ. ಸಂಜೆಯ ಒಳ್ಳೆಯ ಹೊತ್ತನ್ನು ಧಾರಾವಾಹಿಗಳು ಯಾವತ್ತೋ ನುಂಗಿಹಾಕಿವೆ. ಶ್ರಾವಣಿ ಬೆಳಿಗ್ಗೆಯೇ ವಿಡಿಯೊ ಹಾಕಿ ನಮ್ಮಮ್ಮನ ಹಾಡು ನೋಡಿ ಎಂದು ಕೇಳಿಕೊಂಡಿದ್ದಳು. ಆ ವಿಡಿಯೊವನ್ನು ಲೋಕವೆಲ್ಲ ಮೆಚ್ಚಿತು, ಅಷ್ಟೇ. ಟಿವಿ ಹಾಕಲು ನಮ್ಮ ಬೀದಿಯಲ್ಲಿ ಒಬ್ಬರೂ ಏಳಲಿಲ್ಲ. ಫೋನಿನಲ್ಲೇ ಬರುತ್ತದಲ್ಲ ಎಂದು ಮಗಳು ಹೇಳಿದ್ದಕ್ಕೆ, ಹೆಬ್ಬೆಟ್ಟಿನಷ್ಟು ಕಾಣೋಕೆ ನಾನು ಅಷ್ಟು ದೂರ ಹೋಗಿಲ್ಲ ಎಂದು ರಾಧಕ್ಕ ನನ್ನ ಅಂಗಡಿಗೇ ಬಂದಳು. ಯಾರೋ ರಿಪೇರಿಗೆ ಕೊಟ್ಟು ಮರೆತುಹೋದ ಟಿವಿಯೊಂದನ್ನು ಒರೆಸಿ, ತೆಲುಗು ಚಾನೆಲ್ಲಿನ ರೀಚಾರ್ಜ್ ಹಾಕಿಸಿ ಇಟ್ಟಿದ್ದೆ. ರಾಧಕ್ಕ, ರಾಮಾಂಜಿನೇಯ, ನಾನು ಕೂತೆವು. ಶ್ರಾವಣಿ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಳು. ತಾಯಿ ಕೂತ್ಕೋ ಎನ್ನಲಿಲ್ಲ, ಅವಳೂ ಕೂರಲಿಲ್ಲ.

ನನಗೆ ಒಳಗೊಳಗೇ ಭಯ. ಎರಡು ಸಾಲು ತೋರಿಸಿ, ತೀರ್ಪುಗಾರರ ಮುಖ ತೋರಿಸಿ, ಮಿಕ್ಕಿದ್ದನ್ನು ಕತ್ತರಿಸಿಬಿಡುತ್ತಾರೆ, ಇವರ ಜಾಯಮಾನವೇ ಅದು ಎಂದುಕೊಂಡಿದ್ದೆ. ಪಲ್ಲವಿ ಬಂತು. ಒಂದನೇ ಚರಣ ಬಂತು. ಎರಡನೆಯದೂ ಬಂತು. ಮಧ್ಯದಲ್ಲಿ ಜಾಹೀರಾತು ಬರಲಿಲ್ಲ, ಕೊಡುವವರಿದ್ದರೆ ತಾನೆ ಬರಲು. ಕತ್ತರಿಸಲೂ ಯಾರಿಗೂ ಪುರುಸೊತ್ತಿರಲಿಲ್ಲ ಅಂತ ಕಾಣುತ್ತದೆ. ಕ್ಯಾಮೆರಾ ಕೂಡ ಎಲ್ಲೂ ಅಲ್ಲಾಡದೆ ಅವಳ ಮುಖದ ಮೇಲೇ ಇತ್ತು. ಮೂರನೇ ಚರಣದಲ್ಲಿ ದನಿ ಮೇಲಕ್ಕೆ ಹೋಯಿತು, ಒಂದು ಕ್ಷಣ ನಡುಗಿತು, ಆಮೇಲೆ ನಿಂತಿತು. ರಾಮಾಂಜಿನೇಯ ಟವೆಲಿನಿಂದ ಮುಖ ಒರೆಸಿಕೊಂಡ. ಹೆಂಡತಿಯ ಹಾಡನ್ನು ಅವನು ಹೀಗೆ ಕೂತು ಪೂರ್ತಿ ಕೇಳಿದ್ದು ಅದೇ ಮೊದಲಿರಬೇಕು.

ಹಾಡು ಮುಗಿದ ಮೇಲೆ ಏನಾದರೂ ಹೇಳಲಿ ಎಂದು ನಾನು ಶ್ರಾವಣಿಯ ಕಡೆ ತಿರುಗಿದೆ. ಅವಳ ಕೈಯಲ್ಲಿ ಫೋನು ಬೆಳಗುತ್ತಲೇ ಇತ್ತು, ಬೆಳಿಗ್ಗೆ ಹಾಕಿದ ವಿಡಿಯೊಗೆ ಮೆಚ್ಚುಗೆ ಇನ್ನೂ ಬರುತ್ತಿತ್ತು. ಅವಳು ಅದನ್ನು ನೋಡುತ್ತಿರಲಿಲ್ಲ. ಅವಳ ಮುಖದಲ್ಲಿ ಖುಷಿ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಅಲ್ಲಿದ್ದದ್ದು ಏನೆಂದು ನನಗೆ ತಕ್ಷಣ ಗೊತ್ತಾಯಿತು, ಅದನ್ನೇ ಅವಳ ತಾಯಿಯ ಮುಖದಲ್ಲಿ ದಿನಾ ನೋಡುವವನು ನಾನು.

'ಅಮ್ಮಾ, ನನ್ನ ಮುಖಾನ ಇದುವರ್ಗೂ ಯಾರೂ ಇಷ್ಟು ಹೊತ್ತು ನೋಡಿಲ್ಲ ಕಣಮ್ಮ' ಎಂದಳು.

ರಾಧಕ್ಕ ನಿಧಾನಕ್ಕೆ ತಿರುಗಿ ಮಗಳನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಆಮೇಲೆ ಸರಿದು ಜಾಗ ಮಾಡಿ, ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡು ತಲೆ ಸವರಿದಳು. ಬೇಜಾರು ಮಾಡ್ಕೋಬೇಡ ಎಂದು ಮಾತ್ರ ಹೇಳಲಿಲ್ಲ.