ತಲೆಕೆಳಗಾದ ಆರು ಸಾಲು

ಉತ್ತರದ ಯಮುನಾನಗರದ ಕಡೆ ಪಾಪ್ಲರ್ ನೆಡದವನಿಗೆ ಹೆಣ್ಣು ಕೊಡುವುದಿಲ್ಲ ಎಂದು ಜನ ತಮಾಷೆಗೆ ಹೇಳುತ್ತಾರೆ. ಆರು ವರ್ಷಕ್ಕೆ ಕಟಾವಿಗೆ ಬರುವ ಮರ. ಬೊಡ್ಡೆ ಪ್ಲೈವುಡ್ ಮಿಲ್ಲಿಗೆ, ತುದಿ ತೊಗಟೆ ಬಾಯ್ಲರ್ ಒಲೆಗೆ. ಚೌಧ್ರಿ ರಣಸಿಂಗನ ನರ್ಸರಿಯಿಂದ ಹೋದ ಸಸಿಗಳಲ್ಲಿ ಅಂಗೂರಿಯ ಕೈ ತಾಗದವು ಕಡಿಮೆ. ಗಂಡ ಸತ್ತ ವರ್ಷ ಕೆಲಸಕ್ಕೆ ಬಂದವಳು, ಇಪ್ಪತ್ತೆರಡು ವರ್ಷ ಅಲ್ಲೇ ಕೂತಳು.

ಜನವರಿಯ ಮಂಜಿನಲ್ಲಿ ರೆಂಬೆಯಿಂದ ಕತ್ತರಿಸಿದ ಗೇಣುದ್ದದ ಕಡ್ಡಿಗಳನ್ನು ಹುಳ ಹತ್ತದಂತೆ ವಿಷದ ಔಷಧಿ ನೀರಿನಲ್ಲಿ ಅದ್ದಿ, ಮೊಗ್ಗಿನ ಮೂತಿ ಮೇಲಾಗುವಂತೆ ಮಣ್ಣಿಗೆ ಚುಚ್ಚಬೇಕು. ತಲೆಕೆಳಗಾದರೆ ಕಡ್ಡಿ ಕೆಟ್ಟಂತೆ. ಚೌಧ್ರಿ ಕೊಟ್ಟ ರಬ್ಬರ್ ಗವಸನ್ನು ಅಂಗೂರಿ ಒಂದು ದಿನವೂ ಹಾಕಿಕೊಂಡವಳಲ್ಲ. ಬರಿಗೈಯಲ್ಲೇ ಅದ್ದಿ, ನೋಡದೆ, ಬೆರಳಲ್ಲಿ ಸವರಿಯೇ ನೆಡುತ್ತಿದ್ದಳು. ಅದೇ ಅವಳ ಜಂಬ. ದೂರದ ಪೂರ್ಣಿಯಾದಿಂದ ಕೂಲಿಗೆ ಹೊಸದಾಗಿ ಬಂದ ಸುನೈನಾ ಪ್ರತಿ ಕಡ್ಡಿಯನ್ನೂ ಮುಖದ ಹತ್ತಿರ ಹಿಡಿದು ನೋಡುತ್ತಿದ್ದರೆ ಇವಳಿಗೆ ನಗು. ಅಲ್ಲಿ ಚಿಕ್ಕ ವಯಸ್ಸಿನ ಹೆಂಗಸರೆಲ್ಲ ಬಹೂ, ಹಿರಿಯಳಾದ ಅಂಗೂರಿ ಎಲ್ಲರಿಗೂ ಕಾಕಿ.

"ಏನೇ ಬಹೂ, ಕಡ್ಡಿಗೆ ದೃಷ್ಟಿ ತೆಗೀತಿದ್ದೀಯಾ?"

"ಉಲ್ಟಾ ಆದ್ರೆ ಕಾಕೀ?"

"ಬೆರಳು ಇರೋದು ಬರೀ ಜಿಲೇಬಿ ತಿನ್ನೋಕಾ?"

ಮಾರ್ಚಿಗೆ ನರ್ಸರಿಯೆಲ್ಲ ಚಿಗುರಿತು. ಇವರಿಬ್ಬರೇ ನೆಟ್ಟ ತಾಕಿನಲ್ಲಿ ಮಾತ್ರ ಆರು ಸಾಲು ಬೋಳು. ಚೌಧ್ರಿ ಒಂದು ಕಡ್ಡಿ ಕಿತ್ತು ನೋಡಿದ. ಮೊಗ್ಗೆಲ್ಲ ನೆಲದ ಕಡೆಗೆ ಮೂತಿ ಮಾಡಿದ್ದವು.

"ಯಾವ ಮಹಾತಾಯಿ ಕೆಲಸ ಇದು?"

ಕೆಲಸದ ಹೆಂಗಸರೆಲ್ಲ ಸುನೈನಾಳ ಕಡೆ ತಿರುಗಿದರು.

"ನಾನಲ್ಲ ಸಾಬ್. ನಾನು ನೋಡಿ ನೋಡಿ ನೆಟ್ಟಿದ್ದೀನಿ."

"ಹಾಗಾದ್ರೆ ಕಾಕಿ ನೆಟ್ಟಳಾ? ನಿನಗಿಂತ ಮುಂಚೆ ಹುಟ್ಟಿದೆ ಅವಳ ಕೆಲಸ! ಹೊರಡು, ಗಂಟು ಕಟ್ಟು."

ಆ ಸಾಲುಗಳು ಯಾರವೆಂದು ಅಂಗೂರಿಗೆ ಗೊತ್ತಿತ್ತು. ಅವು ತನ್ನವೇ; ಕಡ್ಡಿಯ ಕಟ್ಟು ತಲೆಕೆಳಗಾಗಿ ಕೈಗೆ ಬಂದಿರಬೇಕು, ಬೆರಳಿಗೆ ತಿಳಿಯಲಿಲ್ಲ. ದೀಪಾವಳಿಯಿಂದಲೇ ಬೆರಳ ತುದಿಗಳು ಸತ್ತಂತಿದ್ದವು. ರೊಟ್ಟಿ ತಿರುವುವಾಗ ಚರ್ಮ ಸುಟ್ಟ ವಾಸನೆ ಬಂದ ಮೇಲೆಯೇ ಕೈ ಸುಟ್ಟಿದ್ದು ತಿಳಿದಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಕೆಲಸ ಹೋದರೆ ಸೊಸೆಯ ಕೈ ನೋಡಿಕೊಂಡು ಮೂಲೆಯಲ್ಲಿ ಕೂರಬೇಕು ಎಂಬ ಹೆದರಿಕೆ.

ಸುನೈನಾ ತಾನು ಉಳಿದುಕೊಂಡಿದ್ದ ಶೆಡ್ಡಿಗೆ ಹೋಗಿ ಪಾತ್ರೆಗಳನ್ನು ಚಾದರಕ್ಕೆ ಸುತ್ತತೊಡಗಿದಳು. ಆ ಸದ್ದು ಕೇಳಿ ಅಂಗೂರಿ ಚೌಧ್ರಿಯ ಮುಂದೆ ಬಂದು ನಿಂತಳು. ಎಂಥ ಪಾಪಿ ನಾನು ಅಂದುಕೊಂಡಳು.

"ಚೌಧ್ರೀ, ಆ ಸಾಲು ನಂದು."

ಅವನು ನಕ್ಕುಬಿಟ್ಟ. "ಅಯ್ಯೋ, ಅವಳನ್ನ ಉಳಿಸೋಕೆ ಸುಳ್ಳು ಯಾಕೆ ಕಾಕಿ?"

ಅಂಗೂರಿ ಓಢಣಿಯನ್ನು ಕಣ್ಣಿನ ಮೇಲೆಳೆದುಕೊಂಡು ಕೈ ಚಾಚಿದಳು. "ಕಡ್ಡಿ ಕೊಡು."

ಚೌಧ್ರಿ ಬೇಲಿಯ ಪಾಪ್ಲರ್ ಮರದ ಇನ್ನೂ ಚಿಗುರದ ಕೊಂಬೆಯಿಂದ ಒಂದನ್ನು ಮುರಿದು ಕೊಟ್ಟ. ಅವಳು ಸವರಿದಳು, ತಿರುಗಿಸಿದಳು, ಮತ್ತೆ ಸವರಿದಳು. ಮೊದಲು ಕಿಸಕ್ಕೆಂದ ಹೆಂಗಸರು ಆಮೇಲೆ ನಗಲಿಲ್ಲ.

"ಇದು ಮೇಲಿನ ತುದಿ," ಎಂದಳು.

ಅವಳು ಮುಸುಕು ತೆಗೆದಳು. ಮೊಗ್ಗುಗಳು ಕೆಳಗೆ ನೋಡುತ್ತಿದ್ದವು.

ಚೌಧ್ರಿ ಗಡ್ಡ ಕೆರೆದುಕೊಂಡ. "ಬಹೂ, ನೀನಿರು. ಕಾಕಿ, ನಾಳೆಯಿಂದ ಎಲ್ಲರಿಗೂ ಚಹಾ ನೀನೇ ಮಾಡು. ಕಡ್ಡಿ ಮಾತ್ರ ಮುಟ್ಬೇಡ," ಎಂದು ಅಂಗೂರಿಯ ಮುಖ ನೋಡದೆ ಹೊರಟುಹೋದ.

ಗಂಟು ಹೊತ್ತು ಶೆಡ್ಡಿನ ಬಾಗಿಲಿಗೆ ಬಂದಿದ್ದ ಸುನೈನಾ ಅದನ್ನು ಕೆಳಗಿಟ್ಟು ಬಂದು ಅವಳ ಎರಡೂ ಕೈಗಳನ್ನು ಹಿಡಿದು, ಬೆರಳುಗಳನ್ನು ಒಂದೊಂದಾಗಿ ಒತ್ತಿದಳು.

"ಗೊತ್ತಾಗುತ್ತಾ ಕಾಕೀ?"

"ಗೊತ್ತಾಗುತ್ತೆ ಕಣೇ," ಎಂದು ಅಂಗೂರಿ ಸುಳ್ಳು ಹೇಳಿದಳು.