ಹತ್ತು ಸೆಕೆಂಡಿನ ಪುಟ

ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಮೇಷ್ಟರಾಗಿದ್ದ ವರ್ಷಗಳಲ್ಲಿ ನಾನು ಮಕ್ಕಳಿಗೆ ಎಷ್ಟು ಕಲಿಸಿದೆನೋ ಗೊತ್ತಿಲ್ಲ, ಚಿಂತೆ ಮಾಡುವುದನ್ನಂತೂ ಬಿಡದೆ ಅಭ್ಯಾಸ ಮಾಡಿದೆ. ದಿನಾ ಬೆಳಿಗ್ಗೆ ಹಾಸನದಲ್ಲಿ ಬಸ್ಸು ಹತ್ತುತ್ತಿದ್ದೆ. ಸೀಟು ಸಿಕ್ಕಿದ ಮರುಕ್ಷಣವೇ ಮನೆಯ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಶುರುವಾಗುತ್ತಿತ್ತು. ಊರು ದಾಟುವ ಹೊತ್ತಿಗೆ ಆ ಚಿಂತೆ ಇಳಿದರೆ, ಲ್ಯಾಬಿನ ಯುಪಿಎಸ್ ಬ್ಯಾಟರಿಯದು ಹತ್ತುತ್ತಿತ್ತು. "ಬಸ್ಸು ಪಂಕ್ಚರ್ ಆಗದೆ ಊರು ಸೇರಿದ್ರೆ ನಿಮಗೆ ಏನೋ ಮರೆತು ಬಂದಂಗೆ ಇರುತ್ತೆ, ಅಲ್ವಾ?" ಎಂದು ಹೆಂಡತಿ ಕೇಳುತ್ತಿದ್ದಳು. ಹೌದು, ಹಾಗೇ ಇರುತ್ತಿತ್ತು.

ನಾನು ಹೇಳುತ್ತಿರುವುದು ಎರಡು ಸಾವಿರದ ಇಸವಿ ಕಳೆದ ಮೊದಲ ಕೆಲವು ವರ್ಷಗಳ ಮಾತು. ನಮ್ಮ ಲ್ಯಾಬಿನಲ್ಲಿ ಹನ್ನೆರಡು ಕಂಪ್ಯೂಟರುಗಳಿದ್ದವು. ಮೂಲೆಯಲ್ಲಿ ಹದಿಮೂರನೆಯದೊಂದು, ಎಲ್ಲಕ್ಕಿಂತ ಹಳೆಯದು, ಹಳದಿಗೆ ತಿರುಗಿದ ಪೆಟ್ಟಿಗೆ. ಅದೇ ನಮ್ಮ ಸರ್ವರ್. ಹನ್ನೆರಡು ಯಂತ್ರಗಳಲ್ಲಿ ಯಾರು ಯಾವ ವೆಬ್ ಪುಟ ಕೇಳಿದರೂ ಅದು ಅಲ್ಲಿ ತಯಾರಾಗಿ ಬರಬೇಕು. ಇಂಟರ್ನೆಟ್ಟೂ ಇಲ್ಲ, ಏನೂ ಇಲ್ಲ. ಗೋಡೆಗುಂಟ ಮೊಳೆ ಹೊಡೆದು ಎಳೆದ ಒಂದು ತಂತಿಯಷ್ಟೆ.

ಆ ವರ್ಷ ವಿಶ್ವವಿದ್ಯಾಲಯದ ಪಠ್ಯದಲ್ಲಿ ಹೊಸದೊಂದು ಪ್ರಯೋಗ ಸೇರಿತು. ಪುಟ ತೆರೆದ ಕೂಡಲೇ ಅದರಲ್ಲಿ ಶುರುವಾದ ಸಮಯ ಕಾಣಬೇಕು, ಹತ್ತು ಸೆಕೆಂಡು ಕಳೆದ ಮೇಲೆ ಅದರ ಕೆಳಗೆ ಸಂದೇಶವೂ ಮುಗಿದ ಸಮಯವೂ ಮೂಡಬೇಕು. ಷರತ್ತು ಒಂದೇ: ಕಾಯುವ ಕೆಲಸವನ್ನು ಸರ್ವರ್ ಮಾಡಬೇಕು, ನಮ್ಮ ಎದುರಿಗಿರುವ ಯಂತ್ರ ಮಾಡಕೂಡದು.

ನಾನು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಬರೆದು ನೋಡಿದರೆ ಹತ್ತು ಸೆಕೆಂಡು ಬಿಳಿ ಪುಟ, ಆಮೇಲೆ ಎರಡು ಸಾಲೂ ಒಟ್ಟಿಗೇ ದೊಪ್ಪನೆ ಬಂದು ಬೀಳುತ್ತಿದ್ದವು. ಸರ್ವರ್ ಇಡೀ ಪುಟವನ್ನು ಕಟ್ಟಿ ಮುಗಿಸಿದ ಮೇಲೆಯೇ ಕಳಿಸುತ್ತದೆ ಎಂದು ಪುಸ್ತಕ ಓದಿ ತಿಳಿಯಿತು. ಆದಷ್ಟನ್ನು ಈಗಲೇ ಕಳಿಸು ಎಂದು ಅದಕ್ಕೆ ಬಾಯಿಬಿಟ್ಟು ಹೇಳುವ ಒಂದು ಪದವಿದೆ ಎಂದೂ ತಿಳಿಯಿತು. ಆ ಒಂದು ಪದವನ್ನು ಸೇರಿಸಿದೆ. ಮೊದಲ ಸಾಲು ಬಂತು. ಕೆಳಗೆ ಖಾಲಿ. ಮೂಲೆಯಲ್ಲಿ ಫ್ಯಾನಿನ ಸದ್ದು. ಆಮೇಲೆ ಎರಡನೆಯ ಸಾಲು ತಾನಾಗಿ ಮೂಡಿತು.

ಅಂದು ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ. ಹದಿನೈದು ಸಲವಾದರೂ ಅದನ್ನೇ ನೋಡಿರಬೇಕು. ಪುಟ ಎಂದರೆ ಅಚ್ಚಾದ ಕಾಗದದ ಹಾಗೆ ಇಡಿಯಾಗಿ ಇರುವ ವಸ್ತು ಎಂದುಕೊಂಡಿದ್ದವನು ನಾನು. ಅದು ಅರ್ಧ ಬಂದು, ನಡುವೆ ನಿಂತು, ಮತ್ತೆ ಬರಬಲ್ಲದು ಎಂದರೆ! ಪರದೆಯೂ ಹೊತ್ತಿಸದ ಆ ಹಳೆಯ ಪೆಟ್ಟಿಗೆ ನನಗೊಬ್ಬನಿಗಾಗಿ ಒಂದು, ಎರಡು, ಮೂರು ಎಂದು ಎಣಿಸುತ್ತಿದೆ ಎಂದರೆ! ಮನೆಗೆ ಹೋಗಿ ಹೇಳಿದೆ. "ಬರೀ ಕಾಯೋದನ್ನ ಅಷ್ಟು ಕಷ್ಟಪಟ್ಟು ಕಲಿತ್ರಾ?" ಎಂದಳು ಹೆಂಡತಿ.

ಕಲಿತಿರಲಿಲ್ಲ ಎಂದು ಪರೀಕ್ಷೆಯ ದಿನ ಗೊತ್ತಾಯಿತು.

ನಮ್ಮ ಲ್ಯಾಬಿಗೆ ಒಂದು ಕೆಟ್ಟ ಚಾಳಿಯಿತ್ತು, ಅದನ್ನು ಕಲಿಸಿದವನು ನಾನೇ. ಪುಟ ಬರುವುದು ಚೂರು ತಡವಾದರೆ ಸಾಕು, "ರಿಫ್ರೆಶ್ ಹೊಡೀರಿ" ಎನ್ನುತ್ತಿದ್ದೆ, ಅಂದರೆ ಅದೇ ಪುಟವನ್ನು ಸರ್ವರಿನಿಂದ ಮತ್ತೆ ಮೊದಲಿಂದ ಕೇಳಿ ಎಂದು. ಹನ್ನೆರಡು ಕೀಬೋರ್ಡುಗಳಲ್ಲೂ ರಿಫ್ರೆಶ್ ಗುಂಡಿಯ ಮೇಲಿನ ಅಕ್ಷರ ಅಳಿಸಿಹೋಗಿತ್ತು. ದೇವಸ್ಥಾನದೊಳಗೆ ಹೋದವರು ಗಂಟೆ ಹೊಡೆದ ಹಾಗೆ, ಕೂತ ಕೂಡಲೇ ಒಂದೆರಡು ಸಲ ಹೊಡೆಯದಿದ್ದರೆ ನಮಗೆ ಸಮಾಧಾನವಿರಲಿಲ್ಲ.

ಆ ಸಲದ ಪರೀಕ್ಷೆಗೆ ಅರಕಲಗೂಡಿನ ಹತ್ತಿರದ ಹಳ್ಳಿಯಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ಇದ್ದಳು. ಮದುವೆಯಾಗಿ ಓದು ನಿಂತಿತ್ತು, ಮತ್ತೆ ಶುರುಮಾಡಿದ್ದಳು. ಈ ಲ್ಯಾಬ್ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದಳು, ಇನ್ನೊಮ್ಮೆ ಹೆರಿಗೆಯಿಂದ ಬರಲಾಗಿರಲಿಲ್ಲ. ನಿಯಮದ ಪ್ರಕಾರ ಇದೇ ಕಡೆಯ ಅವಕಾಶ. ಇದೂ ಹೋದರೆ ಪಾಸಾದ ಮಿಕ್ಕೆಲ್ಲ ವಿಷಯಗಳೂ ಸೇರಿ ಇಡೀ ಡಿಗ್ರಿಯೇ ಹೋದಂತೆ. ಎಂಟು ತಿಂಗಳ ಮಗುವನ್ನು ಎತ್ತಿಕೊಂಡು ಅವಳ ಅತ್ತೆ ಜೊತೆಗೆ ಬಂದು ಲ್ಯಾಬಿನ ಜಗಲಿಯಲ್ಲಿ ಕೂತಿದ್ದರು. ಹೊಲದಲ್ಲಿ ದುಡಿದು ಗಟ್ಟಿಯಾದ ಹೆಂಗಸು. ನಾನು ಒಳಗೆ ಹೋಗುವಾಗ ತಡೆದು ನಿಲ್ಲಿಸಿದರು.

"ಸಾ, ಈ ಸಲ ಆಯ್ತದಾ?"

"ನೋಡಣ ಅಮ್ಮ. ಕರೆಂಟ್ ಇರಬೇಕು, ಸರ್ವರ್ ಕೈಕೊಡಬಾರದು, ಒಳ್ಳೆ ಪ್ರಶ್ನೆ ಬರಬೇಕು..."

"ಅಯ್ಯೋ, ಬರೆಯೋಳು ಅವ್ಳು. ನೀವ್ಯಾಕ್ ಸಾ ಇಂಗ್ ಬೆವರ್ತೀರಾ?"

ಪರೀಕ್ಷಕರು ಚನ್ನರಾಯಪಟ್ಟಣದಿಂದ ಬಂದಿದ್ದರು. ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋಗಬೇಕೆಂದು ಬಂದ ಕೂಡಲೇ ಹೇಳಿ, ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಸ್ಟೀಲ್ ತಟ್ಟೆಯಲ್ಲಿ ಮಡಿಸಿಟ್ಟ ಚೀಟಿಗಳಲ್ಲಿ ಒಂದೊಂದನ್ನು ಎಲ್ಲರೂ ಎತ್ತಿದರು. ಅವಳಿಗೆ ಬಂದದ್ದು ಹತ್ತು ಸೆಕೆಂಡಿನ ಪ್ರಯೋಗ.

ಬರೆದು ಮುಗಿಸಿ ಕೈಯೆತ್ತಿದಳು. ಪ್ರೋಗ್ರಾಮನ್ನು ಪರೀಕ್ಷಕರ ಎದುರೇ ಓಡಿಸಿ ತೋರಿಸಬೇಕು, ಸರಿಯಿದ್ದರೆ ಅವರು ಉತ್ತರಪತ್ರಿಕೆಗೆ ಸಹಿ ಹಾಕುತ್ತಾರೆ. ಅವರು ಬಂದು ನಿಂತರು. ಅವಳು ಪುಟ ತೆರೆದಳು. ಮೊದಲ ಸಾಲು ಕಂಡಿತು: ಶುರು, 11:42:10. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ ಹೆಚ್ಚುವರಿ ಹಾಳೆ ಬೇಕೆಂದರು. ಪರೀಕ್ಷಕರು ಅತ್ತ ತಿರುಗಿದರು.

ನಾನು ಅವಳ ಹಿಂದೆಯೇ ನಿಂತಿದ್ದೆ. ಕಾಯುವುದು ಎಷ್ಟು ಉದ್ದ ಅಂತೀರಿ! ಮೂರು ಸೆಕೆಂಡಿಗೆ ತಂತಿ ಸಡಿಲವಾಗಿರಬೇಕು ಅನ್ನಿಸಿತು. ಐದಕ್ಕೆ ಸರ್ವರ್ ಸತ್ತಿದೆ ಅನ್ನಿಸಿತು. ಆರಕ್ಕೆ ನನ್ನ ಕೈ ನನ್ನನ್ನು ಕೇಳದೆ ಅವಳ ಭುಜದ ಪಕ್ಕದಿಂದ ಚಾಚಿ ರಿಫ್ರೆಶ್ ಒತ್ತಿತು. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಮತ್ತೆ. ಒಟ್ಟು ಏಳು ಸಲ.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು.

ಪರೀಕ್ಷಕರು ಈ ಕಡೆ ತಿರುಗಿದರು. "ಬಂತೇನಮ್ಮ?"

"ಬತ್ತದೆ ಸಾ."

ಅವರು ಮೇಜಿನ ಮೇಲಿದ್ದ ಕೈಗಡಿಯಾರ ತಂದು ಹಿಡಿದುಕೊಂಡರು. ಹತ್ತು ಸೆಕೆಂಡಾಯಿತು. ಮತ್ತೆ ಹತ್ತಾಯಿತು. ಪರದೆಯ ಮೇಲೆ ಅದೇ ಒಂದು ಸಾಲು.

"ಇದು ಹತ್ತು ಸೆಕೆಂಡಾ? ನಮ್ಮೂರಿನ ಕಡೆ ಹತ್ತು ಇಷ್ಟು ದೊಡ್ಡದಿಲ್ಲಪ್ಪ," ಎಂದು ಪೆನ್ನಿನ ಮುಚ್ಚಳ ತೆಗೆದರು. "ಔಟ್‌ಪುಟ್ ಬರಲಿಲ್ಲ ಅಂತ ಬರೀತೀನಿ. ಏನ್ ಮಾಡೋದಮ್ಮ."

ಪೆನ್ನು ಹಾಳೆಯ ಮೇಲೆ ಇಳಿಯುತ್ತಿತ್ತು. ಬಾಯಿಬಿಟ್ಟರೆ ಪರೀಕ್ಷೆಯ ನಡುವೆ ಕೈ ಹಾಕಿದ ಮೇಷ್ಟ್ರು ಎಂದು ನನ್ನ ಮೇಲೆ ವರದಿ ಹೋಗಬಹುದು. ನನ್ನದು ಆಗಿನ್ನೂ ಖಾಯಂ ಆಗದ ಕೆಲಸ. ಅದೆಲ್ಲ ಒಂದೇ ಕ್ಷಣದಲ್ಲಿ ತಲೆಗೆ ಬಂತು; ಅಂಥವು ನನ್ನ ತಲೆಗೆ ಬಹಳ ಬೇಗ ಬರುತ್ತವೆ. ಆದರೆ ನೋಡಿಯೂ ಹೇಳದೆ ಕೂತಿದ್ದ ಅವಳ ಬೆನ್ನು ನನ್ನ ಎದುರಿಗಿತ್ತು.

"ಸರ್, ನಾನು ರಿಫ್ರೆಶ್ ಒತ್ತಿಬಿಟ್ಟೆ. ಏಳು ಸಲ. ಅವಳ ತಪ್ಪಲ್ಲ."

ಇಡೀ ಲ್ಯಾಬು ಬರೆಯುವುದನ್ನು ನಿಲ್ಲಿಸಿ ನಮ್ಮತ್ತ ನೋಡಿತು.

"ನೀವಾ?" ಎಂದರು ಪರೀಕ್ಷಕರು. "ಪರೀಕ್ಷೆ ಯಾರದ್ರೀ ಮೇಷ್ಟ್ರೇ?" ಆಮೇಲೆ ಅವಳಿಗೆ, "ಸರಿ, ಇನ್ನೊಂದು ಸಲ ಶುರುಮಾಡು."

ಅವರ ಬೆರಳೂ ಕೀಬೋರ್ಡಿನ ಕಡೆಗೇ ಬರುತ್ತಿತ್ತು. ಅವಳು ಅದರ ಮೇಲೆ ಎರಡೂ ಕೈ ಅಗಲಿಸಿ ಮುಚ್ಚಿಟ್ಟಳು.

"ಬ್ಯಾಡಿ ಸಾ, ಮುಟ್ಬೇಡಿ. ಮದ್ವೆ ಊಟದ ಪಂಕ್ತಿ ಇದ್ದಂಗೆ ಇದು. ಮೊದಲ್ನೇ ಪಂಕ್ತಿ ಏಳದೆ ಎರಡ್ನೇದುಕ್ಕೆ ಎಲೆ ಆಕಲ್ಲ. ಮೇಷ್ಟ್ರು ಏಳು ಸಲ ಒತ್ತವ್ರೆ, ಏಳು ಪಂಕ್ತಿ ಕುಂತದೆ. ಈಗ ಒತ್ತುದ್ರೆ ಇನ್ನೊಂದು ಕುಂತ್ಕತದೆ. ಸುಮ್ನೆ ಇದ್ರೆ ತಾನೇ ಬತ್ತದೆ. ಪ್ರಾಕ್ಟೀಸ್‌ನಲ್ಲಿ ಒತ್ತಿ ಒತ್ತಿ ನೋಡಿವ್ನಿ ಸಾ."

ನಾನು ಎಂದೂ ಒತ್ತಿ ನೋಡಿರಲಿಲ್ಲ, ಅಥವಾ ನೋಡಿದ್ದರೂ ಎಣಿಸಿರಲಿಲ್ಲ. ಒಬ್ಬರೇ ಕೇಳಿದ ಪುಟಗಳನ್ನು ಸರ್ವರ್ ಒಂದಾದ ಮೇಲೊಂದರಂತೆ ಮುಗಿಸುತ್ತದೆ. ನನ್ನ ಪ್ರತಿ ಗಾಬರಿಗೂ ಅದು ನಿಷ್ಠೆಯಿಂದ ಹತ್ತು ಸೆಕೆಂಡು ಸೇರಿಸುತ್ತಾ ಹೋಗಿತ್ತು. ಬೇಗ ಬರಲಿ ಎಂದು ಒತ್ತಿದಷ್ಟೂ ತಡವಾಗುವ ಯಂತ್ರ. ನನ್ನ ಸ್ವಭಾವವನ್ನು ನೋಡಿಯೇ ಯಾರೋ ಮಾಡಿಟ್ಟಿದ್ದಾರೆ ಅನ್ನಿಸಿತು.

"ಮೇಷ್ಟ್ರೇ, ನೀವು ಬಾಗಿಲ ಹತ್ರ ನಿಂತ್ಕೊಳ್ಳಿ," ಎಂದರು ಪರೀಕ್ಷಕರು. "ಕೈ ಕಟ್ಕೊಂಡು."

ನಿಂತೆ. ಅವರೂ ಪೆನ್ನನ್ನು ಹಿಂದೆ ಸರಿಸಿದರು. ಆ ಕೋಣೆಯಲ್ಲಿ ಹನ್ನೆರಡು ಜನ ವಿದ್ಯಾರ್ಥಿಗಳು, ಇಬ್ಬರು ಮೇಷ್ಟ್ರುಗಳು ಏನನ್ನೂ ಮುಟ್ಟದೆ ಕಾದದ್ದು ಅದೇ ಮೊದಲು. ಹಳೆಯ ಸಾಲು ಮಾಯವಾಗಿ ಹೊಸದು ಬಂತು: ಶುರು, 11:43:20. ಯಾರೋ "ಬಂತು ಕಣ್ಲಾ" ಎಂದು ಪಿಸುಗುಟ್ಟಿದರು. ಅವಳು ತುಟಿಯಲ್ಲೇ ಎಣಿಸುತ್ತಿದ್ದಳು. ಅವಳ ಒಂದೊಂದು ಎಣಿಕೆಗೂ ಮೂಲೆಯ ಪೆಟ್ಟಿಗೆ ತಾನೂ ಒಂದು ಎಣಿಸುತ್ತಿದೆ ಎಂದು ನೆನೆದು ನನ್ನ ಮೈ ಜುಮ್ಮೆಂದಿತು. ಅವಳು ಹತ್ತು ಅನ್ನುವುದಕ್ಕೂ ಎರಡನೆಯ ಸಾಲು ಮೂಡುವುದಕ್ಕೂ ಸರಿಹೋಯಿತು. ಮುಗಿಯಿತು, 11:43:30.

ಪರೀಕ್ಷಕರು ಎರಡು ಸಮಯಗಳನ್ನೂ ಹಾಳೆಯಲ್ಲಿ ಬರೆದುಕೊಂಡು ಕಳೆದು ನೋಡಿದರು. ಹತ್ತು. ಮತ್ತೊಮ್ಮೆ ಕಳೆದರು. ಆಮೇಲೆ ಸಹಿ ಹಾಕಿ, "ಈ ಪಂಕ್ತಿ ವಿಚಾರ ನಂಗೂ ಗೊತ್ತಿರಲಿಲ್ಲ ಕಣಮ್ಮ," ಎಂದರು. ನನ್ನ ಮೇಲೆ ವರದಿ ಬರೆಯಲಿಲ್ಲ. ಬರೆದಿದ್ದಾರೇನೋ ಎಂದು ನಾನು ಎರಡು ತಿಂಗಳು ಟಪಾಲು ನೋಡಿದೆ, ಅದು ಬೇರೆ ಮಾತು. ಬಂದದ್ದು ಫಲಿತಾಂಶ. ಅವಳು ಪಾಸಾಗಿದ್ದಳು.

ಪರೀಕ್ಷೆ ಮುಗಿದು ಎಲ್ಲರೂ ಹೊರಟ ಮೇಲೆ ಅವಳ ಅತ್ತೆ ಮಗುವನ್ನೆತ್ತಿಕೊಂಡು ಒಳಗೆ ಬಂದರು.

"ಸೈನ್ ಆಕುದ್ರಂತಲ್ಲ. ಅದೇನ್ ಮಾಡ್ದೆ ಅಂತ ನಂಗೂ ಒಸಿ ತೋರ್ಸವ್ವ."

ಅವಳು ಅವರನ್ನು ಕುರ್ಚಿಯಲ್ಲಿ ಕೂರಿಸಿ ಪುಟ ತೆರೆದಳು. ಅವರು ಮಗುವಿನ ಎರಡೂ ಕೈಗಳನ್ನು ತಮ್ಮ ಕೈಯೊಳಗೆ ಹಿಡಿದುಕೊಂಡು, ಯಾರೂ ಹೇಳುವ ಮೊದಲೇ ಸುಮ್ಮನಾಗಿ, ಕಣ್ಣು ಕೀಳದೆ ಕೂತರು. ನನ್ನ ಹಾಗೆ ಅವರಿಗೆ ಆ ಖಾಲಿ ಜಾಗ ಕೆಟ್ಟುಹೋದ ಹಾಗೆ ಕಾಣಲಿಲ್ಲವೆಂದು ತೋರುತ್ತದೆ. ಎರಡನೆಯ ಸಾಲು ಬಂದಾಗ ಬಾಯಿ ತೆರೆದು ಸೊಸೆಯ ಮುಖ ನೋಡಿದರು.

"ಯಾರವ್ವ ಕಳ್ಸಿದ್ದು?"

"ಅಗೋ, ಆ ಮೂಲೇಲಿರೋದು, ಅತ್ತೆ."

ಅವರು ಎದ್ದು ಹೋಗಿ ಹಳದಿ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟರು. "ಬೆಚ್ಚಗದೆ ಕಣವ್ವ," ಎಂದರು ಮೆಲ್ಲಗೆ.

ನಾನೂ ಹೋಗಿ ಪಕ್ಕದಲ್ಲಿ ಕೈಯಿಟ್ಟು ನೋಡಿದೆ. ಹೌದು, ಬೆಚ್ಚಗಿತ್ತು. ಅತಿಯಾಗಿ ಕಾದಿದೆಯೇನೋ, ಸುಟ್ಟುಹೋಗುತ್ತದೇನೋ ಎಂದು ಆ ಹೊತ್ತಿನಲ್ಲಿ ನನಗೆ ಅನ್ನಿಸಲೇ ಇಲ್ಲ.