ಎಪ್ಪತ್ತನೆಯ ಕತ್ತೆ

ಎಫ್ರಾಯೀಮ್ ಬೆಟ್ಟಸೀಮೆಯಲ್ಲಿ ಯಾರನ್ನಾದರೂ ನಿಲ್ಲಿಸಿ, ಪಿರಾತೋನಿನ ಅಬ್ದೋನ ಯಾರೆಂದು ಕೇಳಿ. ಇಸ್ರಾಯೇಲಿಗೆ ಎಂಟು ವರ್ಷ ನ್ಯಾಯಾಧಿಪತಿಯಾಗಿದ್ದ ದೊಡ್ಡ ಮನುಷ್ಯ ಎನ್ನುತ್ತಾರೆ. ಯಾವ ಶತ್ರುವನ್ನು ಓಡಿಸಿದ ಎಂದರೆ ತಲೆ ಕೆರೆದುಕೊಳ್ಳುತ್ತಾರೆ. ಯಾವ ವ್ಯಾಜ್ಯ ಬಗೆಹರಿಸಿದ ಎಂದರೆ ಆಕಾಶ ನೋಡುತ್ತಾರೆ. ಆಮೇಲೆ ಏನೋ ನೆನಪಾಗಿ ಮುಖ ಅರಳುತ್ತದೆ. "ನಲವತ್ತು ಗಂಡುಮಕ್ಕಳು, ಮೂವತ್ತು ಮೊಮ್ಮಕ್ಕಳು! ತಲೆಗೊಂದು ಕತ್ತೆ! ಎಪ್ಪತ್ತು ಕತ್ತೆ ಕಣಯ್ಯಾ!" ಒಬ್ಬ ನ್ಯಾಯಾಧಿಪತಿಯ ಹೆಸರು ಉಳಿಯಲು ಇಷ್ಟು ಸಾಕು. ನಮ್ಮ ಪಿರಾತೋನಿನಲ್ಲಿ ಮಾತ್ರ ಈ ಎಪ್ಪತ್ತರ ಮಾತೆತ್ತಿದರೆ ಜನ ನಗುತ್ತಾರೆ. ಹಾಗೆ ನಗುವಂತೆ ಮಾಡಿದವಳು ಅಟಾರಾ ಎಂಬ ವಿಧವೆ.

ಅಟಾರಾ ಶೆಕೆಮಿನ ಕಡೆಯ ಹಳ್ಳಿಯವಳು. ಯೇತೆರನನ್ನು ಮದುವೆಯಾಗಿ ಬಂದಾಗ ಅವನ ಆಸ್ತಿ ಎಂದರೆ ಬೆಟ್ಟದ ಪಕ್ಕೆಯ ಒಂದು ಕಲ್ಲುರಾಶಿ. ಗಂಡ ಹೆಂಡತಿ ಹನ್ನೊಂದು ವರ್ಷ ಆ ಕಲ್ಲು ಹೆಕ್ಕಿದರು, ಅದೇ ಕಲ್ಲಿನಲ್ಲಿ ಒಡ್ಡು ಕಟ್ಟಿದರು, ಕೆಳಗಿನ ಹಳ್ಳದಿಂದ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ಮೂರು ಮೆಟ್ಟಿಲಿನ ಹೊಲ ಮಾಡಿದರು. ಹೊಲ ಸಿದ್ಧವಾದ ವರ್ಷವೇ ಯೇತೆರ ಜ್ವರದಲ್ಲಿ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಅದುವರೆಗೆ ಒಂದು ಬುಟ್ಟಿ ಮಣ್ಣನ್ನೂ ಹೊರದಿದ್ದ ದಾಯಾದಿ ಶೋಬಾಬ, ಶೋಕದ ಏಳು ದಿನ ಮುಗಿಯುವ ಮೊದಲೇ ಬಂದು ಒಡ್ಡಿನ ಮೇಲೆ ಕೂತ.

"ಅತ್ತಿಗೆ, ಒಂಟಿ ಹೆಂಗಸು ನೀನು. ಹೊಲದ ಭಾರ ನಂಗೆ ಬಿಡು" ಎಂದ.

"ಮಣ್ಣಿನ ಬುಟ್ಟಿ ಭಾರ ಇದ್ದಾಗ ಎಲ್ಲಿದ್ಯಪ್ಪಾ ಮೈದುನಾ?" ಎಂದಳು ಅಟಾರಾ.

ಮಾತು ಊರಬಾಗಿಲಿಗೆ ಹೋಯಿತು. ಹಿರಿಯರು ಗಡ್ಡ ನೀವಿಕೊಂಡು, ಪ್ರತಿ ವರ್ಷ ಮುಂಗಾರಿಗೆ ತಪ್ಪದೆ ಬಿತ್ತುತ್ತಿರುವವರೆಗೆ ಹೊಲ ಅವಳದು, ಬಿತ್ತನೆ ತಪ್ಪಿದ ವರ್ಷ ಶೋಬಾಬನದು ಎಂದು ತೀರ್ಪು ಕೊಟ್ಟರು. ಅಂದಿನಿಂದ ಶೋಬಾಬನಿಗೆ ಅವಳ ಬಿತ್ತನೆ ಬೀಜದ ಮೇಲೇ ಕಣ್ಣು. ಅಟಾರಾ ಬೀಜದ ಗಡಿಗೆಯನ್ನು ಮಲಗುವ ಚಾಪೆಯ ತಲೆದಿಸೆಯಲ್ಲೇ ಇಟ್ಟುಕೊಂಡು ಆರು ವರ್ಷ ಬಿತ್ತಿದಳು. ಹುರಿದ ಕಾಳು ತಿಂದುಕೊಂಡು, ಬುಗ್ಗೆಯ ಹತ್ತಿರ ನೀರಿಗೆ ಬಂದ ಹೆಂಗಸರನ್ನೆಲ್ಲ ನಗಿಸಿಕೊಂಡು, ಒಡ್ಡಿನಿಂದ ಉರುಳಿದ ಕಲ್ಲುಗಳನ್ನು ಬೈದು ಮತ್ತೆ ಕೂರಿಸಿಕೊಂಡು ಕಾಲ ಹಾಕಿದಳು.

ಏಳನೆಯ ವರ್ಷ ಜವೆಗೋದಿ ಎದೆಯೆತ್ತರ ಬಂದಿತ್ತು. ಸುಗ್ಗಿ ಶುರುವಾಗುವ ಪಸ್ಕದ ಹಬ್ಬಕ್ಕೆ ಇನ್ನು ಹತ್ತು ದಿನ. ಅಬ್ದೋನನ ಮಕ್ಕಳು ಮೊಮ್ಮಕ್ಕಳು ಪಕ್ಕದೂರಿಗೆ ಕುರಿಯ ಉಣ್ಣೆ ಕತ್ತರಿಸುವ ಔತಣಕ್ಕೆ ಹೋಗಿದ್ದರು. ಉಣ್ಣೆ ಕತ್ತರಿಸಿದವರು ಬೇರೆಯವರು, ಇವರು ಹೋದದ್ದು ಊಟಕ್ಕೆ. ಕುಡಿದ ದ್ರಾಕ್ಷಾರಸ ತಲೆಗೇರಿ, ಮಟಮಟ ಮಧ್ಯಾಹ್ನ ವಾಪಸು ಬರುವಾಗ ಅಟಾರಾಳ ಹೊಲದ ಮೇಲ್ಗಡೆ ಓಕ್ ಮರಗಳ ನೆರಳಲ್ಲಿ ಎಪ್ಪತ್ತು ಜನರೂ ಉರುಳಿಕೊಂಡರು. ಕತ್ತೆಗಳನ್ನು ಕಟ್ಟುವುದು ಆಳುಗಳ ಕೆಲಸ, ಆಳುಗಳು ಜೊತೆಗೆ ಬಂದಿರಲಿಲ್ಲ. ಆದ್ದರಿಂದ ಯಾರೂ ಕಟ್ಟಲಿಲ್ಲ.

ಬುಗ್ಗೆಯಿಂದ ಕೊಡ ಹೊತ್ತು ಬಂದ ಅಟಾರಾಳಿಗೆ ಹೊಲ ಕಾಣಲಿಲ್ಲ, ಬರೀ ಕಿವಿಗಳು ಕಂಡವು. ಅವಳು ಹಾಕಿದ ಕೂಗಿಗೆ ಇಡೀ ನ್ಯಾಯಾಧಿಪತಿ ಸಂತಾನ ಎದ್ದು, ಸಿಕ್ಕ ಸಿಕ್ಕ ಕತ್ತೆ ಹತ್ತಿ ಪರಾರಿಯಾಯಿತು. ಒಂದು ಕತ್ತೆ ಮಾತ್ರ ಏಳಲಿಲ್ಲ. ಬಿಳಿ ಹೆಣ್ಣುಕತ್ತೆ, ಬೆನ್ನ ಮೇಲೆ ಕೆಂಪು ಗೊಂಡೆಯ ಹಾಸು. ಹೊಟ್ಟೆ ಬಿರಿಯೆ ತಿಂದು ಮೂರನೇ ಮೆಟ್ಟಿಲಲ್ಲಿ ಕಾಲು ಚಾಚಿ ಮಲಗಿತ್ತು. ಅದರ ಒಡೆಯ ಪಾಸಕ, ಅಬ್ದೋನನ ಇಪ್ಪತ್ಮೂರನೆಯ ಮಗ, ಬಾಲ ಎಳೆದ, ಒದ್ದ, ಕೈಮುಗಿದ. ಅಟಾರಾ ಕಲ್ಲು ಎತ್ತಿಕೊಂಡದ್ದನ್ನು ನೋಡಿ ಅಣ್ಣನ ಕತ್ತೆಯ ಹಿಂದೆ ಹತ್ತಿ ಓಡಿಹೋದ.

ಹೊಲದಲ್ಲಿ ಲದ್ದಿ ಬಿಟ್ಟರೆ ಏನೂ ಉಳಿದಿರಲಿಲ್ಲ. ಅಟಾರಾ ಒಡ್ಡಿನ ಮೇಲೆ ಕೂತು ಅತ್ತಳು. ಹನ್ನೊಂದು ವರ್ಷದ ಮಣ್ಣು, ಗಂಡನ ಬೆನ್ನು ಮುರಿದ ಮಣ್ಣು, ಇನ್ನು ಬೀಜದ ಗಡಿಗೆ ತುಂಬದೆ ಶೋಬಾಬನ ಪಾಲು. ಅತ್ತು ಸಾಕಾದ ಮೇಲೆ ಎದ್ದು ಕತ್ತೆಗೆ ನೀರು ಕುಡಿಸಿ ಅಂಜೂರದ ಮರಕ್ಕೆ ಕಟ್ಟಿದಳು.

ಮರುದಿನ ಬೆಳಿಗ್ಗೆ ಕತ್ತೆಯನ್ನು ಹಿಡಿದುಕೊಂಡು ಊರಬಾಗಿಲಿಗೆ ಹೋದಳು. ಅಬ್ದೋನ ಕಲ್ಲಿನ ಪೀಠದ ಮೇಲೆ ಮೆತ್ತೆ ಹಾಕಿಕೊಂಡು ಕೂತಿದ್ದ. ಹತ್ತು ಜನ ಹಿರಿಯರು ಎರಡೂ ಬದಿಗೆ. ಹಿಂದುಗಡೆ ಮಕ್ಕಳು ಮೊಮ್ಮಕ್ಕಳು, ಕತ್ತೆಗಳ ಮೇಲೆ. ಪಾಸಕನೊಬ್ಬನೇ ನೆಲದ ಮೇಲೆ ನಿಂತಿದ್ದ, ನಡೆದು ಅಭ್ಯಾಸವಿಲ್ಲದ ಕಾಲನ್ನು ಆಗಾಗ ಬದಲಿಸುತ್ತ.

"ಅಪ್ಪಾ, ನಿಮ್ಮ ಮನೆ ಕತ್ತೆಗಳು ನನ್ನ ಹೊಲ ಮೇದವು. ಮೇಯಿಸಿದೋನು ತನ್ನ ಹೊಲದ ಒಳ್ಳೇ ಬೆಳೆಯಿಂದ ಕಟ್ಟಿಕೊಡಬೇಕು ಅಂತ ಮೋಶೆಯ ಕಟ್ಟಳೆ ಇದೆ. ಕೊಡಿಸಿ" ಎಂದಳು.

ಇಲ್ಲೇ ತೊಡಕು. ಊರಿನ ಒಳ್ಳೆಯ ಹೊಲ ಎಂದರೆ ಬುಗ್ಗೆಯ ಕೆಳಗಿನ ಅಬ್ದೋನನ ಹೊಲ, ಅದಿನ್ನೂ ಮಕ್ಕಳಿಗೆ ಪಾಲಾಗಿರಲಿಲ್ಲ. ಯಾವ ಮಗ ಒಪ್ಪಿಕೊಂಡರೂ ಕಾಳು ಅಳೆಯಬೇಕಾದದ್ದು ಅಪ್ಪನ ಕಣಜದಿಂದ. ಬೇರೆಯವರ ಕಣಜವಾಗಿದ್ದರೆ ಅಬ್ದೋನ ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಪು ಕೊಡುತ್ತಿದ್ದ. ಈಗ ಅವನಿಗೆ ಎಲ್ಲಿಲ್ಲದ ಸಾಕ್ಷಿಪ್ರೀತಿ ಬಂತು.

"ತಾಳಮ್ಮಾ. ಮೇದದ್ದು ಯಾವ ಕತ್ತೆ? ಹೀಗೇ ಗಾಳಿ ಮಾತು ಆಡಬಾರ್ದು."

"ಇಗೋ, ಇದು. ಇನ್ನೂ ತೇಗ್ತಾ ಇದೆ."

ಅಬ್ದೋನ ತಿರುಗಿ ಗಂಭೀರವಾಗಿ ಕೇಳಿದ. "ಇದು ನಿಮ್ಮಲ್ಲಿ ಯಾರ ಕತ್ತೆ?"

"ನಂದಲ್ಲ" ಎಂದ ಹಿರಿಯ ಮಗ. ನಂದಲ್ಲ ಎಂದ ಎರಡನೆಯವನು. ಎಪ್ಪತ್ತು ಬಾಯಿ ಎಪ್ಪತ್ತು ಸಲ ಅದೇ ಮಾತು ಹೇಳುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂತು. ಒಬ್ಬ ಮೊಮ್ಮಗ ಉತ್ಸಾಹ ತಡೆಯಲಾರದೆ ಎರಡು ಸಲ ಹೇಳಿದ. ಪಾಸಕನ ಸರದಿ ಬಂದಾಗ ಕತ್ತೆ ಅವನ ಕಡೆ ಕತ್ತು ಚಾಚಿ ಅವನ ತೋಳಿಗೆ ಮೂತಿ ಉಜ್ಜಿತು.

"ನಂದಲ್ಲ" ಎಂದ ಪಾಸಕ, ತೋಳು ಒರೆಸಿಕೊಳ್ಳುತ್ತ.

ಊರಿಗೆ ಊರೇ ಆ ಕೆಂಪು ಗೊಂಡೆಯನ್ನು ದಿನಾ ನೋಡುತ್ತಿತ್ತು. ಆದರೆ ಹತ್ತೂ ಜನ ಹಿರಿಯರಿಗೆ ಆ ಕ್ಷಣದಲ್ಲಿ ತಮ್ಮ ತಮ್ಮ ಕಾಲ್ಬೆರಳುಗಳಲ್ಲೇ ಏನೋ ವಿಶೇಷ ಕಂಡಿತು. ನ್ಯಾಯಾಧಿಪತಿಯ ಮನೆಯಿಂದ ಇಂಥ ಹಿರಿಯರಿಗೆ ಹಬ್ಬಕ್ಕೊಂದು ಕುರಿತೊಡೆ ಕಳಿಸುವ ಪದ್ಧತಿ ಸುಮ್ಮನೆ ಬಂದದ್ದಲ್ಲ. ಅಬ್ದೋನ ಗಂಟಲು ಸರಿಮಾಡಿಕೊಂಡ.

"ಕೇಳಿದೆಯಲ್ಲಮ್ಮಾ. ನಮ್ಮ ಮನೆಯದಲ್ಲ. ಯಾವುದೋ ದಾರಿ ತಪ್ಪಿ ಬಂದ ಕತ್ತೆ. ಒಡೆಯ ಇಲ್ಲದ ಮೇಲೆ ಕಟ್ಟಿಕೊಡೋನು ಯಾರು? ಮನೆಗೆ ಹೋಗು."

ಅಟಾರಾ ಹೋಗಲಿಲ್ಲ. ಹತ್ತು ಜನರ ಕೊನೆಯಲ್ಲಿ ಕೂತಿದ್ದ ಮುದುಕ ಇಮ್ನಾನ ಮುಂದೆ ಬಂದು ನಿಂತಳು. ಇಮ್ನಾನಿಗೆ ಕಿವಿ ಅಷ್ಟಕ್ಕಷ್ಟೆ, ಆದರೆ ಕಟ್ಟಳೆಗಳೆಲ್ಲ ಬಾಯಿಪಾಠ. ಮೊದಲ ಪದ ಹೇಳಿಕೊಟ್ಟರೆ ಸಾಕು, ಕೊನೆಯವರೆಗೆ ನಿಲ್ಲುವವನಲ್ಲ.

"ತಾತಾ, ದಾರಿ ತಪ್ಪಿದ ಕತ್ತೆ ಸಿಕ್ಕಿದ್ರೆ ಏನು ಮಾಡ್ಬೇಕು?" ಎಂದು ಅವನ ಕಿವಿಯಲ್ಲಿ ಕೂಗಿದಳು.

"ಒಡೆಯ ಯಾರಂತ ಗೊತ್ತಿಲ್ದಿದ್ರೆ ಸಿಕ್ಕಿದೋರು ಮನೆಗೆ ಹೊಡ್ಕೊಂಡು ಹೋಗ್ಬೇಕು! ಒಡೆಯ ಬಂದು ನಂದು ಅಂತ ಕೇಳೋತನಕ ಅವರ ಹತ್ರಾನೇ ಇರ್ಬೇಕು!" ಎಂದು ಇಮ್ನಾ ಊರಿಗೆಲ್ಲ ಕೇಳುವಂತೆ ಒದರಿದ. ಆಮೇಲೆ ಸುತ್ತ ನೋಡಿ, "ಯಾಕೆ, ಯಾರ ಕತ್ತೆ ಕಳೀತು?" ಎಂದ.

ಅಬ್ದೋನನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅಟಾರಾ ಕೆಂಪು ಹಾಸಿನ ಮೇಲೆ ಹತ್ತಿ ಕೂತಳು. ಹುಟ್ಟಿದ ಮೇಲೆ ಅವಳು ಕತ್ತೆ ಹತ್ತಿದ್ದು ಅದೇ ಮೊದಲು. ಪಾಸಕನ ಪಕ್ಕದಲ್ಲೇ ಹಾದು, "ಸ್ವಲ್ಪ ದಾರಿ ಬಿಡಪ್ಪಾ, ಕಾಲ್ನಡಿಗೆಯೋರು ಬದಿಗಿರ್ಬೇಕು" ಎಂದು ಹೇಳಿ ಮನೆಗೆ ಹೋದಳು.

ಅಟ್ಟದ ಮೇಲೆ ಹೊಟ್ಟೆಗೆ ಸಾಲುವಷ್ಟು ಮಾತ್ರ ಹಳೆಯ ಕಾಳಿತ್ತು. ಬೀಜಕ್ಕೆ ದುಡಿಯಬೇಕಿತ್ತು. ಸುಗ್ಗಿಯಲ್ಲಿ ಅಟಾರಾ ಕತ್ತೆಯೊಂದಿಗೆ ಊರವರ ಕಣಗಳಿಗೆಲ್ಲ ತೆನೆಯ ಸಿವುಡು ಹೊತ್ತಳು, ಕೂಲಿಗೆ ಜವೆಗೋದಿಯನ್ನೇ ಕೇಳಿದಳು. ನ್ಯಾಯಾಧಿಪತಿಯ ಮಗನನ್ನು ಹೊತ್ತ ಕತ್ತೆ ಎಂದು ಜನ ಬೇಕೆಂದೇ ಅದನ್ನೇ ಕರೆದರು. ಶುರುವಿಗೆ ಅದು ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು. "ನಡಿಯೇ ತಾಯಿ, ನಿನ್ನ ಮೇಲೆ ಕೂತಿದ್ದಕ್ಕಿಂತ ಇದು ಹಗುರ, ಉಪಯೋಗಾನೂ ಹೌದು" ಎಂದು ಅಟಾರಾ ಬೆನ್ನು ತಟ್ಟುತ್ತಿದ್ದಳು. ಸುಗ್ಗಿ ಮುಗಿಯುವಷ್ಟರಲ್ಲಿ ಗಡಿಗೆ ತುಂಬಿತ್ತು. ಇನ್ನು ಉಳಲು ಕತ್ತೆ, ಮೇಲೆ ಮಳೆ, ಅಷ್ಟೇ ಬೇಕಿತ್ತು.

ನಡುವೆ ಪಾಸಕ ಎರಡು ಸಲ ಬಂದ. ಗೋಡೆಯ ಮರೆಯಲ್ಲಿ ನಿಂತು, "ಅಕ್ಕಾ, ಒಂದು ಬುಟ್ಟಿ ಒಣದ್ರಾಕ್ಷಿ ಕೊಡ್ತೀನಿ, ಬಿಚ್ಚಿ ಕಳಿಸು. ಎಲ್ರೂ ನನ್ನ ಕಾಲು ನೋಡಿ ನಗ್ತಾರೆ" ಎಂದ.

"ಊರಬಾಗಿಲಲ್ಲಿ ಹತ್ತು ಜನರ ಮುಂದೆ ನಂದು ಅನ್ನು, ಹೊಲ ಮೇದದ್ದಕ್ಕೆ ಕಾಳು ಅಳೆದು ಕೊಡು. ಆಮೇಲೆ ಕತ್ತೆಗೆ ನಾನೇ ಹೂವಿನ ಹಾರ ಹಾಕಿ ಕಳಿಸ್ತೀನಿ."

"ಅಪ್ಪ ಕೊಂದೇ ಹಾಕ್ತಾನೆ" ಎಂದು ಪಾಸಕ ಹೋದ.

ಮುಂಗಾರಿನ ಮೊದಲ ಮಳೆ ಬಿದ್ದ ದಿನವೇ ಅಬ್ದೋನ ತೀರಿಕೊಂಡ. ಮರುದಿನ ಬೆಳಿಗ್ಗೆ ಅಟಾರಾ ನೇಗಿಲಿಗೆ ಕತ್ತೆ ಹೂಡುತ್ತಿದ್ದಳು. ಶೋಬಾಬ ಎಂದಿನಂತೆ ಒಡ್ಡಿನ ಮೇಲಿದ್ದ. ಅಷ್ಟರಲ್ಲಿ ಗೋಣಿತಟ್ಟು ಉಟ್ಟ ಹಿರಿಯ ಮಗ, ಪಾಸಕ, ಜೊತೆಗೆ ಕೆಲವು ಹಿರಿಯರು ಓಡಿಬಂದರು. ಎಫ್ರಾಯೀಮಿನ ಮೂಲೆಮೂಲೆಯಿಂದ ಜನ ಹೆಣದ ಮುಂದೆ ಹೋಗುವ ಎಪ್ಪತ್ತು ಸವಾರರನ್ನು ನೋಡಲೆಂದೇ ಬರುತ್ತಿದ್ದರು. ಮಳೆ ಬಿದ್ದು ಊರಿನ ಕತ್ತೆಗಳೆಲ್ಲ ನೇಗಿಲಿಗೆ ಹೋಗಿದ್ದವು, ಬೇರೊಂದು ಸಿಗುವಂತಿರಲಿಲ್ಲ. ಅರವತ್ತೊಂಬತ್ತೇ ಇದ್ದರೆ ಅಪ್ಪನ ಬಾಳಿನಲ್ಲಿ ಉಳಿಯುವುದೇನು ಎಂಬ ಚಿಂತೆ ಮಕ್ಕಳಿಗೆ. ಪ್ರಶ್ನೆ ಸರಿಯಾಗಿಯೇ ಇತ್ತು.

"ಕತ್ತೆ ಕೊಡು. ಸತ್ತ ಮನೆ ಇದು, ತಕರಾರು ಮಾಡಬೇಡ" ಎಂದು ಹಿರಿಯ ಮಗ ಹಗ್ಗಕ್ಕೆ ಕೈ ಹಾಕಿದ.

ಒಮ್ಮೆ ಹೋದ ಕತ್ತೆ ಮರಳಿ ಬರುವುದಿಲ್ಲ, ಹದ ತಪ್ಪಿದರೆ ಬಿತ್ತನೆ ಇಲ್ಲ, ಶೋಬಾಬ ಆಗಲೇ ಹಲ್ಲು ಕಿರಿಯುತ್ತಿದ್ದಾನೆ. ಆದರೂ ಅಟಾರಾ ಹಗ್ಗ ಬಿಡಲಿಲ್ಲ.

"ಯಾರ ಕತ್ತೆ ಅಂತ ಹೇಳಿ. ನಿಮ್ಮದಾದ್ರೆ ಮೇದ ಬೆಳೆ ಕಟ್ಟಿಕೊಟ್ಟು ತಗೊಂಡು ಹೋಗಿ. ಅಪ್ಪ ಇರೋವಾಗ ಸುಳ್ಳು ಹೇಳಿದ್ವಿ ಅಂತ ಅವನ ಹೆಣದ ಮುಂದೆ ಸಾರಿ. ನಿಮ್ಮದಲ್ದಿದ್ರೆ ನಂದು. ನಂದಾದ್ರೆ ಬಾಡಿಗೆ ಇದೆ."

ಕೆಳಗಿನ ದಾರಿಯಲ್ಲಿ ಆಗಲೇ ಜನರ ಸದ್ದು. ಪಾಸಕ ಬಗ್ಗಿ ಬಲಗಾಲಿನ ಕೆರ ಬಿಚ್ಚಿ ಹಿರಿಯರ ಎದುರಿಗೇ ಅಟಾರಾಳ ಕೈಗೆ ಕೊಟ್ಟ. ನಮ್ಮಲ್ಲಿ ಕೆರ ಕೊಟ್ಟ ಮೇಲೆ ಹಕ್ಕು ಹೋಯಿತು, ಅದಕ್ಕೆ ಎರಡನೆಯ ಮಾತಿಲ್ಲ.

"ಕತ್ತೆ ನಿಂದೇ ಅಕ್ಕಾ. ಬಾಡಿಗೆ ಏನು ಹೇಳು."

"ಇವತ್ತು ನನ್ನ ಉಳುಮೆ ನಿಂತಿತು. ನಾಳೆ ನೀವು ಬಂದು ಅಗೆದು ಕೊಡಿ. ತಿಂದವು ಎಪ್ಪತ್ತು, ಅಗೆಯೋರೂ ಎಪ್ಪತ್ತೇ ಇರ್ಲಿ."

"ಶೋಕದಲ್ಲಿರೋ ನಾವು ಗುದ್ದಲಿ ಹಿಡಿಯೋದಾ?" ಎಂದು ಹಿರಿಯ ಮಗ ಕಿಡಿಕಿಡಿಯಾದ.

"ಶೋಕಕ್ಕೆ ತಲೆ ಮೇಲೆ ಮಣ್ಣು ಹಾಕ್ಕೊಳ್ಲೇಬೇಕಲ್ಲಣ್ಣಾ. ನನ್ನ ಹೊಲದ ಮಣ್ಣೇ ಹಾಕ್ಕೊಳ್ಳಿ, ನನ್ನ ಗಂಡ ಹೊತ್ತು ತಂದ ಒಳ್ಳೇ ಮಣ್ಣು."

ಮೆರವಣಿಗೆ ಚೆನ್ನಾಗಿಯೇ ಆಯಿತು. ಎಪ್ಪತ್ತು ಸವಾರರು, ಅವರಲ್ಲೊಬ್ಬನಿಗೆ ಒಂದೇ ಕೆರ. ಪರವೂರಿನವರು ಎಣಿಸಿ, ತಲೆದೂಗಿ, ಬೆರಗಾಗಿ ತಮ್ಮ ತಮ್ಮ ಹಳ್ಳಿಗೆ ಹೋಗಿ ಹೇಳಿದರು. ಮರುದಿನ ಬೆಳಿಗ್ಗೆ ನಡೆದದ್ದನ್ನು ನೋಡಲು ಅವರು ಇರಲಿಲ್ಲ. ಗೋಣಿತಟ್ಟು ಉಟ್ಟ ಎಪ್ಪತ್ತು ಜನ ಮೂರು ಮೆಟ್ಟಿಲಲ್ಲಿ ಸಾಲಾಗಿ ಬಗ್ಗಿ ಅಗೆಯುತ್ತಿದ್ದರು. ಅರ್ಧ ಜನರಿಗೆ ಗುದ್ದಲಿಯ ಯಾವ ತುದಿ ಹಿಡಿಯಬೇಕೆಂದು ಇಮ್ನಾ ತಾತ ತೋರಿಸಿಕೊಡಬೇಕಾಯಿತು. ಮಧ್ಯಾಹ್ನದೊಳಗೆ ಎಲ್ಲರ ಅಂಗೈಯಲ್ಲೂ ಬೊಕ್ಕೆ. ಅಟಾರಾ ಅವರ ಹಿಂದೆ ಹಿಂದೆಯೇ ಗಡಿಗೆ ಹಿಡಿದು ಬೀಜ ಚೆಲ್ಲುತ್ತ ಹೋದಳು. ಕೊನೆಯ ಸಾಲು ಮುಚ್ಚಿದ ಮೇಲೆ ಶೋಬಾಬ ಒಡ್ಡಿನಿಂದ ಇಳಿದು ಮನೆಗೆ ಹೋದ, ಮತ್ತೆ ಅಲ್ಲಿ ಕೂರಲಿಲ್ಲ.

ಬಿಳಿ ಕತ್ತೆ ಅಂಜೂರದ ನೆರಳಲ್ಲಿ ಹುಲ್ಲು ಮೆಲ್ಲುತ್ತ ಹಳೆಯ ಒಡೆಯರ ಕೆಲಸ ನೋಡುತ್ತಿತ್ತು. ಅಟಾರಾ ಬಹಳ ವರ್ಷ ಬದುಕಿದಳು, ಪಾಸಕನ ಕೆರ ಬಾಗಿಲ ಮೇಲೆ ಮೊಳೆಗೆ ತೂಗಾಡುತ್ತಲೇ ಇತ್ತು. ಈಗಲೂ ಹೊರಗಿನವರು ಬಂದು ಅಬ್ದೋನನ ಎಪ್ಪತ್ತು ಕತ್ತೆಗಳ ಕತೆ ತೆಗೆದರೆ ನಮ್ಮ ಹೆಂಗಸರು ಕೊಡ ಕೆಳಗಿಟ್ಟು ಹೇಳುತ್ತಾರೆ: "ಅರವತ್ತೊಂಬತ್ತು. ಇನ್ನೊಂದು ಅಟಾರಾಳದು, ಆವತ್ತು ಬಾಡಿಗೆಗೆ ಬಂದಿತ್ತು."